ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರೂ ಅವರ ಮಕ್ಕಳ ಮೇಳವೂ

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟದಲ್ಲಿ ಆಚಾರ್ಯರ ಚರಿತ್ರೆಗಳೂ ಶರಣರ ಚರಿತ್ರೆಗಳೂ ಇರುವುದು ಸಹಜವೇ ಆಗಿದೆ. ಅವುಗಳ ನಡುವೆ ಒಬ್ಬ ಸಂಗೀತಗಾರರ ಚರಿತ್ರೆಗೆ ಸ್ಥಳವೇಕೆಂದು ಕೆಲವರು ಕೇಳಬಹುದು. ಮಠವೆಂಬುದು ಮಕ್ಕಳ ಮನೆ. ಓದಲು ಬಂದ ಹುಡುಗರ ಸಾಲು ಪ್ರಸಾದಕ್ಕೆ ಕುಳಿತಾಗ ಆ ಸಾಲಿನಲ್ಲಿ ಯಾರಿಗೆ ಎಡೆಯುಂಟು, ಯಾರಿಗೆ ಇಲ್ಲ ಎಂಬುದರ ಮೇಲೆಯೇ ಮಠದ ಧರ್ಮವು ನಿಂತಿರುವುದು. ಆ ಎಡೆಯ ವಿಷಯವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರು ಗದುಗಿನ ಶ್ರೀ ಪಂಚಾಕ್ಷರಿ ಗವಾಯಿಗಳವರು. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಯಥಾಶಕ್ತಿ ನಿರೂಪಿಸುವೆವು.

ನಮ್ಮ ಕೈಲಾಂಚದ ಸೀಮೆಯ ಯಾವ ಊರಿನಲ್ಲಾದರೂ ಸಂಜೆಯ ಹೊತ್ತು ಗುಡಿಯ ಮುಂದಿನ ಬಯಲಿಗೆ ಹೋಗಿ ನೋಡಿರಿ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರುವರು. ಒಂದು ಮಗುವಿನ ಕಣ್ಣು ಮುಚ್ಚುವರು, ಅದು ತಡವರಿಸುವುದನ್ನು ನೋಡಿ ಉಳಿದವರು ನಗುವರು, ಸ್ವಲ್ಪ ಹೊತ್ತಿಗೆ ಕಣ್ಣು ಬಿಡಿಸುವರು, ಆಟವು ಮುಂದುವರಿಯುವುದು. ಆದರೆ ಕಣ್ಣು ಬಿಡಿಸಲಾಗದ ಮಗುವೊಂದು ಆ ಊರಿನಲ್ಲಿದ್ದರೆ ಅದು ಬಹುಮಟ್ಟಿಗೆ ಗುಡಿಯ ಜಗಲಿಯ ಮೇಲೆಯೇ ಕುಳಿತಿರುವುದು. ಅದನ್ನು ಯಾರೂ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ದೊಡ್ಡವರು ಅಯ್ಯೋ ಪಾಪವೆಂದು ಒಂದು ಹಣ್ಣನ್ನೂ ಕೊಡುವರು. ಆಟಕ್ಕೆ ಮಾತ್ರ ಕರೆಯುವವರಿಲ್ಲ. ಹಣ್ಣು ಕೊಟ್ಟ ಕೈಯಿಂದ ಆ ಮಗುವಿನ ಹಸಿವು ಹಿಂಗಬಹುದು, ಒಂಟಿತನವು ಹಿಂಗದು. ಆ ಜಗಲಿಯ ಮೇಲಿನಿಂದ ಮಗುವನ್ನು ಇಳಿಸಿ ಮೇಳದೊಳಗೆ ಕೂಡಿಸುವುದು ಹೇಗೆಂಬುದೇ ಗವಾಯಿಗಳವರು ತಮ್ಮ ಆಯುಷ್ಯವನ್ನೆಲ್ಲ ವೆಚ್ಚಮಾಡಿ ಬಿಡಿಸಿದ ಒಗಟು.

ಇವರು ೧೮೯೨ನೆಯ ಇಸವಿಯ ಫೆಬ್ರವರಿ ೨ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಒಂದು ಬಡ ಜಂಗಮ ಮನೆತನದಲ್ಲಿ ಜನಿಸಿದರು. ಆ ಊರು ಅಂದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ೧೯೯೭ರಿಂದ ಈಚೆಗೆ ಹಾವೇರಿ ಜಿಲ್ಲೆಗೆ ಸೇರಿರುವುದು. ತಂದೆ ಗುರುವಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಗೆ ಬೆಳಕಿರಲಿಲ್ಲ. ಸೋದರರಾದ ಗುರುಬಸವಯ್ಯನವರಿಗೂ ಅದೇ ಸ್ಥಿತಿ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದರೆ ಆ ತಾಯಿತಂದೆಗಳ ಹೃದಯದ ಪಾಡೇನೆಂಬುದನ್ನು ವಾಚಕರೇ ಊಹಿಸಿಕೊಳ್ಳತಕ್ಕದ್ದು. ಹೊಲಗೆಯ್ಮೆಗೆ ಕಣ್ಣು ಬೇಕು, ದನಕಾಯಲಿಕ್ಕೆ ಕಣ್ಣು ಬೇಕು, ಓಲೆ ಓದಲಿಕ್ಕೆ ಕಣ್ಣು ಬೇಕು. ಹಳ್ಳಿಯ ಬಾಳಿನಲ್ಲಿ ಕಣ್ಣಿಲ್ಲದವನಿಗೆ ಆ ಕಾಲದಲ್ಲಿ ಉಳಿದಿದ್ದ ದಾರಿಯೆಂದರೆ ಮನೆಯವರ ಅನ್ನ, ಅದು ತೀರಿದ ಮೇಲೆ ಭಿಕ್ಷೆ.

ಆದರೆ ಈ ಸೋದರರಿಗೆ ಕಂಠವಿದ್ದಿತು. ಕಿವಿಯ ಮೇಲೆ ಬಿದ್ದ ಹಾಡು ಮನಸ್ಸಿನಲ್ಲಿ ನಿಲ್ಲುತ್ತಿದ್ದಿತು. ಇಬ್ಬರೂ ಕೂಡಿ ಹಾಡುತ್ತಿದ್ದರು. ಒಬ್ಬ ಅಂಧಬಾಲಕನಿಗೆ ಮತ್ತೊಬ್ಬ ಅಂಧಬಾಲಕನು ಜತೆಗಾರನಾಗಿ ದೊರೆತುದು ದೈವವು ಕಷ್ಟದೊಳಗೇ ಬೆರಸಿಟ್ಟ ಕೃಪೆಯೆಂದೇ ನಮಗೆ ತೋರುವುದು. ಒಂಟಿಯಾಗಿ ಹಾಡಿದರೆ ಅದು ಅಳಲು. ಇಬ್ಬರು ಹಾಡಿದರೆ ಅದು ಮೇಳ. ತನ್ನಂತೆಯೇ ಇರುವ ಮತ್ತೊಂದು ಮಗುವು ಪಕ್ಕದಲ್ಲಿದ್ದರೆ ಎಷ್ಟು ಧೈರ್ಯವೆಂಬುದನ್ನು ಇವರು ತಿಳಿವು ಬರುವ ಮೊದಲೇ ಅನುಭವಿಸಿದ್ದರು. ಮುಂದೆ ನೂರಾರು ಮಕ್ಕಳನ್ನು ಒಂದೇ ಸೂರಿನ ಕೆಳಗೆ ಕೂಡಿಸಿದವರಿಗೆ ಇದೇ ಮೊದಲನೆಯ ಪಾಠವಾಗಿದ್ದಿರಬೇಕು.

ಆ ಕಾಲದಲ್ಲಿ ಹಾನಗಲ್ಲ ವಿರಕ್ತಮಠದ ಪೀಠದಲ್ಲಿ ಶ್ರೀ ಕುಮಾರ ಶಿವಯೋಗಿಗಳವರು ವಿರಾಜಮಾನರಾಗಿದ್ದರು. ೧೮೬೭ರಲ್ಲಿ ಜನಿಸಿದ ಈ ಮಹಾಪುರುಷರು ೧೯೦೪ರಲ್ಲಿ ಅಖಿಲಭಾರತ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬಾದಾಮಿಯ ಸಮೀಪದ ಮಲಾಪಹಾರಿಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ ನಾಡಿಗೆ ಮಹೋಪಕಾರವನ್ನು ಮಾಡಿದವರೆಂಬುದು ಭಕ್ತರಿಗೆಲ್ಲ ವಿದಿತವೇ ಇದೆ. ಈ ಅಂಧಸೋದರರ ಗಾಯನವು ಅವರ ಕಿವಿಗೆ ಬಿದ್ದಿತು. ಕೇಳಿದವರು ಮೆಚ್ಚಿ ದಕ್ಷಿಣೆ ಕೊಟ್ಟು ಕಳುಹಿಸುವುದು ಲೋಕರೂಢಿ. ಶ್ರೀಗಳವರು ಹಾಗೆ ಮಾಡಲಿಲ್ಲ; ಆ ಮಕ್ಕಳನ್ನೇ ಸ್ವೀಕರಿಸಿದರು. ದಕ್ಷಿಣೆಯು ಒಂದು ದಿನಕ್ಕಾಗುವುದು, ವಿದ್ಯೆಯು ಜನ್ಮಕ್ಕಾಗುವುದು. ಈ ಭೇದವನ್ನು ಅರಿತ ಗುರುವಿನ ಕೈಗೆ ಸಿಕ್ಕಿದುದರಿಂದಲೇ ಗದಿಗೆಯ್ಯನು ಭಿಕ್ಷುಕನಾಗದೆ ಪಂಚಾಕ್ಷರಿಯಾದನು.

ಗುರುವಿನ ಅಪ್ಪಣೆಯಂತೆ ಇವರ ಸಂಗೀತಾಭ್ಯಾಸವು ನಡೆಯಿತು. ಕರ್ನಾಟಕ ಸಂಗೀತವನ್ನು ಮೈಸೂರಿನ ಕಡೆಯಲ್ಲಿಯೂ, ಹಿಂದೂಸ್ಥಾನೀ ಸಂಗೀತವನ್ನು ಗ್ವಾಲಿಯರ್ ಸಂಪ್ರದಾಯದ ಮೀರಜಿನ ನೀಲಕಂಠಬುವಾ ಅವರಲ್ಲಿಯೂ ಕಲಿತರು. ಇದೇ ನೀಲಕಂಠಬುವಾ ಅವರಲ್ಲಿ ಪ್ರಸಿದ್ಧರಾದ ಮಲ್ಲಿಕಾರ್ಜುನ ಮನಸೂರರೂ ಬಾಲ್ಯದಲ್ಲಿ ಪಾಠ ಹೇಳಿಸಿಕೊಂಡರೆಂಬುದನ್ನು ಇಲ್ಲಿ ಸ್ಮರಿಸಬಹುದು. ಎರಡು ಪದ್ಧತಿಗಳಲ್ಲಿಯೂ ಸಮನಾಗಿ ಹಾಡಬಲ್ಲವರು ಅಂದೂ ವಿರಳ, ಇಂದೂ ವಿರಳ. ಗವಾಯಿಗಳವರು ಎರಡನ್ನೂ ಕರಗತಮಾಡಿಕೊಂಡು ಉಭಯ ಗಾಯನವಿಶಾರದರೆಂದು ಹೆಸರಾದರು. ಅದರೊಡನೆ ತಬಲಾ ಮೊದಲಾದ ವಾದ್ಯಗಳಲ್ಲಿಯೂ ನೈಪುಣ್ಯವನ್ನು ಪಡೆದರು. ಬರೆದುಕೊಳ್ಳುವ ಅನುಕೂಲವಿಲ್ಲದ ವಿದ್ಯಾರ್ಥಿಯು ಇಷ್ಟನ್ನೂ ಕಿವಿಯಿಂದ ಹಿಡಿದು ನೆನಪಿನಲ್ಲಿ ಕಟ್ಟಿಡಬೇಕಾಗಿದ್ದಿತೆಂಬುದನ್ನು ಮರೆಯಬಾರದು. ಕಣ್ಣುಳ್ಳವನು ಪಾಠವನ್ನು ಪುಸ್ತಕದಲ್ಲಿಟ್ಟು ನಿದ್ರಿಸುವನು. ಇವರಿಗೆ ಆ ಸೌಕರ್ಯವಿರಲಿಲ್ಲ.

ಇಷ್ಟು ವಿದ್ಯೆಯುಳ್ಳವರು ರಾಜಾಸ್ಥಾನಗಳನ್ನು ಆಶ್ರಯಿಸಿ ಸುಖವಾಗಿ ಇರಬಹುದಾಗಿದ್ದಿತು. ಆದರೆ ಆಜನ್ಮ ಬ್ರಹ್ಮಚರ್ಯವನ್ನೂ ಕಾವಿಯನ್ನೂ ಧರಿಸಿ, ತಾವು ಪಡೆದುದನ್ನು ಕಣ್ಣಿಲ್ಲದ ಮಕ್ಕಳಿಗೂ ದಿಕ್ಕಿಲ್ಲದ ಮಕ್ಕಳಿಗೂ ಹಂಚುವುದನ್ನೇ ಕಾಯಕವಾಗಿ ಸ್ವೀಕರಿಸಿದರು. ಅವರ ಪಾಠಶಾಲೆಗೆ ಮೊದಲು ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಊರಿಂದೂರಿಗೆ ಹೋಗುವರು, ಮಠದಲ್ಲಿಯೋ ಗುಡಿಯಲ್ಲಿಯೋ ಇಳಿದುಕೊಳ್ಳುವರು, ಶಿವಕೀರ್ತನೆಯನ್ನು ಮಾಡುವರು, ಭಕ್ತರು ಕೊಟ್ಟ ಅಕ್ಕಿಜೋಳಗಳಿಂದ ಮಕ್ಕಳ ಪ್ರಸಾದವಾಗುವುದು, ಪಾಠವು ನಡೆಯುವುದು, ಮುಂದಿನ ಊರಿಗೆ ಪಯಣವಾಗುವುದು. ಎಲ್ಲಿ ಗುರುವೋ ಅಲ್ಲಿ ಶಾಲೆ ಎಂಬ ಮಾತು ಇವರ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದ್ದಿತು.

ಈ ಪಯಣದ ವಿಷಯವಾಗಿ ವಾಚಕರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಣ್ಣಿಲ್ಲದ ಗುರುವು ಅರಿಯದ ಊರಿನ ಅರಿಯದ ಬೀದಿಯಲ್ಲಿ ನಡೆಯಬೇಕಾದರೆ ಯಾರಾದರೂ ಕೈಹಿಡಿದು ನಡೆಸಲೇಬೇಕು. ದಾರಿಯಲ್ಲಿ ಗುಂಡಿಯಿದೆಯೆಂದು ಹೇಳಬೇಕು. ನೀರು ಎಲ್ಲಿದೆಯೆಂದು ತೋರಬೇಕು. ದೊಡ್ಡವರಾದ ಮೇಲೆ ಹೀಗೆ ಇತರರ ಕೈಯನ್ನು ಆಶ್ರಯಿಸುವುದು ಅಭಿಮಾನಕ್ಕೆ ಕುಂದೆಂದು ಬಹುಮಂದಿ ಭಾವಿಸುವರು. ಅದಕ್ಕಾಗಿಯೇ ಮನೆಯ ಮೂಲೆಯನ್ನು ಹಿಡಿಯುವರು. ಗವಾಯಿಗಳವರು ಊರೂರು ತಿರುಗುವ ಬಾಳನ್ನೇ ಆರಿಸಿಕೊಂಡುದರಿಂದ ಆ ಆಶ್ರಯವನ್ನು ಸಂಕೋಚವಿಲ್ಲದೆ ಒಪ್ಪಿಕೊಂಡರೆಂದೇ ತಿಳಿಯಬೇಕಾಗಿದೆ. ಮಕ್ಕಳ ಸ್ವಭಾವವನ್ನು ಬಲ್ಲವರಿಗೆ ಇದರ ಮರ್ಮವು ತಿಳಿಯುವುದು. ಮಗುವಿಗೆ ತನ್ನಿಂದ ಒಬ್ಬರಿಗೆ ಉಪಯೋಗವಾಯಿತೆಂಬುದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಗುರುವಿಗೆ ನನ್ನ ಕಣ್ಣು ಬೇಕು, ನನಗೆ ಗುರುವಿನ ಸ್ವರ ಬೇಕು ಎಂದು ತಿಳಿದ ಹುಡುಗನಿಗೆ ಭಯವೂ ಇರುವುದಿಲ್ಲ, ಕನಿಕರವೂ ಇರುವುದಿಲ್ಲ. ಅಲ್ಲಿ ಉಳಿಯುವುದು ಸಲಿಗೆಯಿಂದ ಕೂಡಿದ ಭಕ್ತಿಯೊಂದೇ. ಮಕ್ಕಳು ತಮ್ಮನ್ನು ಒಪ್ಪಿಕೊಳ್ಳಬೇಕಾದರೆ ತಾವು ಮೊದಲು ಮಕ್ಕಳ ಕೈಯನ್ನು ಒಪ್ಪಿಕೊಳ್ಳಬೇಕೆಂಬುದು ಇವರ ಬಾಳಿನಿಂದ ತಿಳಿಯುವ ಮೊದಲನೆಯ ತತ್ತ್ವ.

ಎರಡನೆಯ ತತ್ತ್ವವು ಅವರ ಪಾಠದ ಸಾಲಿನಲ್ಲಿದ್ದಿತು. ಅವರು ಅಂಧಮಕ್ಕಳನ್ನು ಬೇರೆ, ಕಣ್ಣುಳ್ಳವರನ್ನು ಬೇರೆ ಮಾಡಿ ಕೂರಿಸಿದವರಲ್ಲ. ಮುಂದೆ ನಾಡಿನಲ್ಲಿ ಖ್ಯಾತರಾದ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ ಮೊದಲಾದ ಕಣ್ಣುಳ್ಳ ಶಿಷ್ಯರೂ, ಪುಟ್ಟರಾಜರಂತಹ ಅಂಧಶಿಷ್ಯರೂ ಒಬ್ಬನೇ ಗುರುವಿನ ಮುಂದೆ ಕಲಿತವರು. ಜಾತಿಯ ಕಟ್ಟೂ ಅಲ್ಲಿ ಇರಲಿಲ್ಲ. ಗುಡಿಯ ಬಯಲಿನ ಆಟದಲ್ಲಿ ಕಣ್ಣುಳ್ಳವನೇ ಮೇಲು. ಸ್ವರದ ಪಾಠದಲ್ಲಿ ಹಾಗಿಲ್ಲ. ಮಾಯಾಮಾಳವಗೌಳದ ಸರಳೆವರಸೆಯನ್ನು ಹೇಳುವಾಗ ಶ್ರುತಿ ತಪ್ಪಿದರೆ ತಪ್ಪಿದಂತೆಯೇ. ಅದಕ್ಕೆ ಕಣ್ಣಿನ ನೆಪವು ಸಲ್ಲದು. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿಯೆಂಬುದು ಕಂಡವನಿಗೂ ಒಂದೇ, ಕಾಣದವನಿಗೂ ಒಂದೇ. ಇಂತಹ ಸಾಲಿನಲ್ಲಿ ಕುಳಿತ ಅಂಧಬಾಲಕನು ತನ್ನ ಬಾಳಿನಲ್ಲಿ ಮೊದಲನೆಯ ಸಾರಿ ಇತರರೊಡನೆ ಸಮಾನವಾದ ನೆಲದ ಮೇಲೆ ನಿಲ್ಲುವನು. ಕಣ್ಣುಳ್ಳ ಬಾಲಕನು ಪಕ್ಕದವನ ಕಿವಿಯು ತನ್ನದಕ್ಕಿಂತ ಚುರುಕೆಂಬುದನ್ನು ಕಂಡುಕೊಂಡು ಅವನಲ್ಲಿ ಕೇಳಿ ತಿಳಿಯಲು ಹೋಗುವನು. ಉಪದೇಶದಿಂದ ಬಾರದ ಆದರವು ಹೀಗೆ ತಾನಾಗಿಯೇ ಬರುವುದು.

ಅಂಧರಿಗೆ ವಾದ್ಯವನ್ನು ಕಲಿಸುವ ಕ್ರಮವೂ ಬೇರೆಯೇ. ನೋಡಿ ಮಾಡೆಂದು ಹೇಳುವಂತಿಲ್ಲ. ಮಗುವಿನ ಬೆರಳನ್ನು ಹಿಡಿದು ತಬಲದ ಅಂಚಿನ ಮೇಲೆ ಇಡಬೇಕು, ನಡುವಿನ ಕರಣೆಯ ಮೇಲೆ ಇಡಬೇಕು. ಎರಡರ ನಾದಭೇದವನ್ನು ಕೇಳಿಸಬೇಕು. ಬೋಲನ್ನು ಬಾಯಿಂದ ಹೇಳಿಸಿದ ಮೇಲೆಯೇ ಕೈಯಿಂದ ನುಡಿಸಬೇಕು. ಹಾರ್ಮೋನಿಯಂ ಆದರೆ ಬಿಳಿಯ ಪಟ್ಟಿ ಕರಿಯ ಪಟ್ಟಿ ಎಂಬ ಮಾತಿಗೆ ಅರ್ಥವಿಲ್ಲ. ತಗ್ಗಿನ ಪಟ್ಟಿ ಎತ್ತರದ ಪಟ್ಟಿ ಎಂದು ಬೆರಳಿಗೆ ಅರಿವಾಗಬೇಕು. ಕಣ್ಣುಳ್ಳ ಗುರುವು ಇದನ್ನು ಯೋಚಿಸಿ ತಿಳಿಯಬೇಕಾಗುವುದು. ಗವಾಯಿಗಳವರಿಗೆ ಇದು ತಮ್ಮ ಮೈಯ ಅನುಭವ. ತಮ್ಮ ಕೊರತೆಯೇ ಆ ಮಕ್ಕಳ ಪಾಲಿಗೆ ತಮ್ಮ ಯೋಗ್ಯತೆಯಾಯಿತು. ಇಂತಹ ಗುರುವಿನ ಮುಂದೆ ಅಂಧಬಾಲಕನು ನನ್ನ ಕಷ್ಟ ನಿಮಗೆ ತಿಳಿಯದೆಂದು ಹೇಳುವಂತಿರಲಿಲ್ಲ. ನನ್ನಿಂದಾಗದೆಂದು ಹೇಳುವಂತೆಯೂ ಇರಲಿಲ್ಲ. ಆಗುವುದೆಂಬುದಕ್ಕೆ ಸಾಕ್ಷಿಯು ಎದುರಿಗೇ ಕುಳಿತಿದ್ದಿತು.

ಆ ಸಾಕ್ಷಿಯನ್ನು ನಂಬಿ ಬೆಳೆದವರಲ್ಲಿ ಅಗ್ರಗಣ್ಯರು ಶ್ರೀ ಪುಟ್ಟರಾಜ ಗವಾಯಿಗಳವರು. ಅವರು ೧೯೧೪ನೆಯ ಇಸವಿಯ ಮಾರ್ಚ್ ೩ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿದರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಎಳವೆಯಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡರು. ಸೋದರಮಾವನವರು ಸಾಕಿದರು. ಮಾವನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಈ ಬಾಲಕನ ಬೆರಳುಗಳು ಓಡಾಡುವುದನ್ನು ಕಂಡು ಮಗುವಿನ ಒಲವು ಎತ್ತ ಎಂಬುದನ್ನು ಅವರು ಅರಿತುಕೊಂಡರು; ಗವಾಯಿಗಳವರ ಬಳಿಗೆ ಕರೆತಂದು ಒಪ್ಪಿಸಿದರು. ಅಂಧಗುರುವಿಗೆ ಅಂಧಶಿಷ್ಯನು ದೊರೆತನು. ಗುರುವು ತನ್ನ ಬಾಲ್ಯವನ್ನೇ ಮತ್ತೆ ಮುಟ್ಟಿ ನೋಡಿದಂತೆ ಆಗಿದ್ದಿರಬೇಕು. ಆ ಬಾಲಕನು ಕಾಲಕ್ರಮದಲ್ಲಿ ಉಭಯ ಸಂಗೀತಗಳಲ್ಲಿ ಪಾರಂಗತನಾಗಿ, ಅನೇಕ ವಾದ್ಯಗಳನ್ನು ವಶಮಾಡಿಕೊಂಡು, ಕನ್ನಡ ಸಂಸ್ಕೃತ ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ಗುರುವಿನ ಉತ್ತರಾಧಿಕಾರಿಯಾದುದು ಎಲ್ಲರೂ ಬಲ್ಲ ವಿಷಯ.

ಶಿಷ್ಯವಾತ್ಸಲ್ಯದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದುವರಿಯುವಂತಿಲ್ಲ. ೧೯೩೬ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಮಹೋತ್ಸವವು ಜರುಗಿತು. ಕನ್ನಡನಾಡಿನ ನಾನಾ ಕಡೆಗಳಿಂದ ಜನರು ನೆರೆದ ಆ ಸಭೆಯಲ್ಲಿ ತರುಣ ಬಸವರಾಜ ರಾಜಗುರುಗಳ ಮೊದಲ ದೊಡ್ಡ ಕಚೇರಿಯಾಯಿತು. ಅವರ ಹಿಂದೆ ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳವರು. ಗುರುವು ಮುಂದೆ, ಶಿಷ್ಯನು ಹಿಂದೆ ಕುಳಿತುಕೊಳ್ಳುವುದು ಸಭಾಮರ್ಯಾದೆ. ಇಲ್ಲಿ ಗುರುವು ತಾನೇ ಪಕ್ಕವಾದ್ಯದವನಾಗಿ ಶಿಷ್ಯನ ಲಯವನ್ನು ಕಾಯ್ದನು. ಆ ದಿನ ಸಭೆಯಲ್ಲಿದ್ದವರಿಗೆ ಕಂಡದ್ದು ಒಬ್ಬ ತರುಣನ ಗಾಯನ. ಕಾಣದೆ ಹೋದದ್ದು, ತಾನು ಕೈಹಿಡಿದು ಬೆಳೆಸಿದವನನ್ನು ಮುಂದೆ ಬಿಟ್ಟು ತಾನು ಹಿಂದೆ ಸರಿದ ಗುರುವಿನ ತೃಪ್ತಿ. ತನ್ನ ಕಣ್ಣಿನ ಕೊರತೆಯನ್ನು ತುಂಬಿಕೊಳ್ಳಲೆಂದು ಕೀರ್ತಿಯನ್ನು ಬೆನ್ನಟ್ಟಿದವರು ಇಂತಹ ಕೆಲಸವನ್ನು ಮಾಡಲಾರರು.

ಇಷ್ಟೆಲ್ಲವೂ ಸುಖದಿಂದ ನಡೆಯಿತೆಂದು ಯಾರೂ ಭಾವಿಸಬಾರದು. ೧೯೩೦ರಲ್ಲಿ ಶ್ರೀ ಕುಮಾರ ಶಿವಯೋಗಿಗಳವರು ಲಿಂಗೈಕ್ಯರಾದರು. ತಲೆಯ ಮೇಲಿನ ನೆರಳು ಹೋದಂತಾಯಿತು. ಮಕ್ಕಳ ಸಂಖ್ಯೆಯು ಬೆಳೆಯುತ್ತಿದ್ದಿತು, ಆದಾಯಕ್ಕೆ ಗೊತ್ತಾದ ಮೂಲವಿರಲಿಲ್ಲ. ಒಂದು ಊರಿನಲ್ಲಿ ಬೆಳೆ ಬಂದರೆ ಜೋಳಿಗೆ ತುಂಬುವುದು. ಮಳೆ ಹೋದರೆ ಭಕ್ತನ ಮನೆಯಲ್ಲಿಯೇ ಕಾಳಿಲ್ಲ. ಅನ್ನಕ್ಕಾಗಿ ಮಕ್ಕಳನ್ನು ಬೀದಿಯಲ್ಲಿ ಕೈಯೊಡ್ಡಿ ನಿಲ್ಲಿಸುವುದು ಸುಲಭವಾದ ಉಪಾಯವಾಗಿದ್ದಿತು. ಕಣ್ಣಿಲ್ಲದ ಮಕ್ಕಳನ್ನು ಕಂಡರೆ ಕಾಸು ಬೀಳುವುದು. ಆದರೆ ಮಕ್ಕಳು ಯಾವ ಭಿಕ್ಷೆಯಿಂದ ತಪ್ಪಿಸಿಕೊಂಡು ಬಂದರೋ ಅದಕ್ಕೆ ಅವರನ್ನು ಮರಳಿ ತಳ್ಳುವುದೆಂದರೆ ಸಂಸ್ಥೆಯ ಪ್ರಾಣವನ್ನೇ ತೆಗೆದಂತೆ. ಗವಾಯಿಗಳವರು ಕಾಯಕದ ದಾರಿಯನ್ನೇ ಹಿಡಿದರು. ಕೀರ್ತನೆಗಳು ನಡೆದವು, ಕಚೇರಿಗಳು ನಡೆದವು. ಸಂಸ್ಥೆಯ ಪೋಷಣೆಗಾಗಿ ನಾಟಕಸಂಘವೂ ಕಟ್ಟಲ್ಪಟ್ಟಿತು. ನಾಟಕವೆಂಬುದು ಒಬ್ಬರಿಂದಾಗುವ ಕೆಲಸವಲ್ಲ. ಪಾತ್ರಧಾರಿಯು ಬೇಕು, ಪೆಟ್ಟಿಗೆಯವನು ಬೇಕು, ತಬಲದವನು ಬೇಕು, ಹಿನ್ನೆಲೆಯ ಹಾಡಿನವನು ಬೇಕು. ಇವರಲ್ಲಿ ಯಾರು ತಪ್ಪಿದರೂ ಆಟವು ನಿಲ್ಲುವುದು. ಬಯಲಿನ ಆಟದಲ್ಲಿ ಯಾರಿಗೂ ಬೇಡವಾಗಿದ್ದ ಮಗುವಿಲ್ಲದೆ ರಂಗದ ಆಟವು ನಡೆಯದು ಎಂಬಂತಾಯಿತು. ಪ್ರೇಕ್ಷಕನು ಕೊಟ್ಟ ಹಣವು ಕನಿಕರದ ಹಣವಲ್ಲ. ಕೇಳಿದ ಹಾಡಿನ ಬೆಲೆ.

ಎಲ್ಲಿಯೂ ನೆಲೆಯಿಲ್ಲದೆ ತಿರುಗಿದ ಈ ಮೇಳಕ್ಕೆ ಕೊನೆಗೆ ಗದುಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಆಶ್ರಯವನ್ನಿತ್ತರು. ಅವರ ಹೆಸರು ಉಳಿಯುವಂತೆ ಸಂಸ್ಥೆಗೆ ವೀರೇಶ್ವರ ಪುಣ್ಯಾಶ್ರಮವೆಂಬ ನಾಮವಾಯಿತು. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಧಾನ್ಯವು ದುರ್ಲಭವಾಗಿದ್ದಿತು. ಅಂತಹ ಕಾಲದಲ್ಲಿಯೇ ಒಬ್ಬ ವ್ಯಾಪಾರಸ್ಥ ಭಕ್ತರು ಹಾಡುವ ಮಕ್ಕಳಿಗೆ ಸೂರನ್ನು ಕೊಟ್ಟುದು ದಾಸೋಹಧರ್ಮದ ಉಜ್ಜ್ವಲ ಉದಾಹರಣೆಯೇ ಸರಿ.

ಆದರೆ ಆ ಸೂರಿನ ಕೆಳಗೆ ಗವಾಯಿಗಳವರು ಬಹುಕಾಲ ಇರಲಿಲ್ಲ. ೧೯೪೪ನೆಯ ಇಸವಿಯ ಜೂನ್ ೧೧ರಂದು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಂಧಗುರುವು ಹೋದ ಮೇಲೆ ಮಕ್ಕಳ ಗತಿಯೇನೆಂದು ಭಕ್ತರು ಕಳವಳಗೊಂಡುದು ಸಹಜ. ಆ ಭಾರವನ್ನು ಹೊತ್ತವರು ಮತ್ತೊಬ್ಬ ಅಂಧರೇ. ಪುಟ್ಟರಾಜ ಗವಾಯಿಗಳವರು ಆಗ ಮೂವತ್ತು ವರ್ಷದವರು. ಅಂದಿನಿಂದ ೨೦೧೦ರ ಸೆಪ್ಟೆಂಬರ್ ೧೭ರಂದು ತಾವು ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷಗಳ ಕಾಲ ಆಶ್ರಮವನ್ನು ನಡೆಸಿದರು. ಭಾರತ ಸರಕಾರವು ಅವರಿಗೆ ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಗುರುವಿನ ಚರಿತ್ರೆಯು ೧೯೯೫ರಲ್ಲಿ ಚಲಚ್ಚಿತ್ರವಾಗಿ ನಾಡಿನ ಮನೆಮನೆಗೂ ತಲಪಿತು. ಅದರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ಲೋಕದ ಬೇರೆ ಕಡೆಗಳಲ್ಲಿಯೂ ಇಂತಹವರು ಇಲ್ಲದಿಲ್ಲ. ೧೮೦೯ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಲೂಯಿ ಬ್ರೈಲ್ ಎಂಬವನು ತನ್ನ ತಂದೆಯ ತೊಗಲಿನ ಕೆಲಸದ ಕೊಟ್ಟಿಗೆಯಲ್ಲಿ ಉಪಕರಣವು ತಗುಲಿ ಮೂರನೆಯ ವಯಸ್ಸಿನಲ್ಲಿ ಕಣ್ಣಿಗೆ ಪೆಟ್ಟುಮಾಡಿಕೊಂಡು, ಕ್ರಮೇಣ ದೃಷ್ಟಿಯನ್ನೇ ಕಳೆದುಕೊಂಡನು. ಹದಿನೈದನೆಯ ವಯಸ್ಸಿಗೆ ಬೆರಳಿನಿಂದ ಓದುವ ಆರು ಚುಕ್ಕಿಗಳ ಲಿಪಿಯನ್ನು ನಿರ್ಮಿಸಿದನು. ನಮ್ಮ ಮೈಸೂರಿನಲ್ಲಿ ೧೯೦೧ರಲ್ಲಿಯೇ ಅಂಧರಿಗೂ ಕಿವುಡರಿಗೂ ಪಾಠಶಾಲೆಯು ಆರಂಭವಾಯಿತು. ಭಾರತದ ಭಾಷೆಗಳಿಗೆಲ್ಲ ಒಪ್ಪುವ ಭಾರತೀ ಬ್ರೈಲ್ ಲಿಪಿಯು ಅಂಗೀಕೃತವಾದುದು ೧೯೫೧ರಲ್ಲಿ. ಅಷ್ಟರಲ್ಲಿ ಗವಾಯಿಗಳವರು ಲಿಂಗೈಕ್ಯರಾಗಿ ಏಳು ವರ್ಷಗಳಾಗಿದ್ದವು. ಲಿಪಿಯ ಬಲವಿಲ್ಲದೆ ನೆನಪಿನ ಬಲದಿಂದಲೇ ಅವರು ತಮ್ಮ ಶಾಲೆಯನ್ನು ಕಟ್ಟಿದರೆಂಬುದನ್ನು ತಿಳಿದಾಗ ಅವರ ಸಾಹಸದ ಪ್ರಮಾಣವು ಅರಿವಾಗುವುದು.

ಗದುಗು ದೂರ, ಕಾಲವೂ ದೂರ. ನಮಗೆ ಇದರಿಂದ ಏನೆಂದು ಕೇಳುವವರಿಗೆ ನಮ್ಮ ಸೀಮೆಯನ್ನೇ ತೋರಿಸುವೆವು. ಹೊಟ್ಟೆಗೂ ಬುದ್ಧಿಗೂ ಮಠದಲ್ಲಿಯೇ ಆಶ್ರಯವಿತ್ತು ಸಾವಿರಾರು ಮಕ್ಕಳನ್ನು ಬೆಳೆಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೧೯೦೭ರಲ್ಲಿ ಜನಿಸಿದುದು ನಮ್ಮ ಮಾಗಡಿ ತಾಲೂಕಿನ ವೀರಾಪುರದಲ್ಲಿಯೇ. ಮಕ್ಕಳಿಗೆ ಎಡೆಯನ್ನು ಕೊಡುವ ಧರ್ಮವು ನಮ್ಮ ಮಣ್ಣಿಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆಯನ್ನು ನೋಡಿರಿ. ಆಲೆಯ ಮರವನ್ನು ಕಡೆದು, ಅರಗಿನ ಬಣ್ಣವನ್ನು ಹಚ್ಚಿ, ನುಣುಪು ಬರುವಂತೆ ಉಜ್ಜಿದ ಆ ಬೊಂಬೆಯ ಬಣ್ಣವು ಕಣ್ಣಿಗೆ ಸೇರಿದ್ದು, ನುಣುಪು ದುಂಡುಗಳು ಕೈಗೆ ಸೇರಿದವು. ಕಣ್ಣಿಲ್ಲದ ಮಗುವಿನ ಕೈಗೂ ಅದು ಬೊಂಬೆಯೇ. ರೇಷ್ಮೆ ಸಾಕುವ ನಮ್ಮ ಮನೆಗಳ ಹುಳುಮನೆಯಲ್ಲಿ ಕೊನೆಯ ಜ್ವರವೆದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆಮಳೆಯಂತೆ ಕೇಳುವುದು. ಆ ಸದ್ದು ಇಳಿದರೆ ಸೊಪ್ಪು ತೀರಿತೆಂದು ಕಿವಿಯುಳ್ಳ ಮಗುವು ಹೇಳಬಲ್ಲುದು. ಹೀಗೆ ಹುಡುಕಿದರೆ ಯಾವ ಮಗುವಿಗೂ ಮನೆಯ ಕಾಯಕದಲ್ಲಿ ಒಂದು ಪಾಲು ಇದ್ದೇ ಇರುವುದು. ಹುಡುಕುವ ಮನಸ್ಸು ಬೇಕು.

ಅಂಗವೈಕಲ್ಯವುಳ್ಳ ಮಗುವು ಇತರ ಮಕ್ಕಳೊಡನೆ ಒಂದೇ ಶಾಲೆಯಲ್ಲಿ ಕಲಿಯಲು ಅವಕಾಶವಿರಬೇಕೆಂದು ೨೦೧೬ರ ಕಾಯಿದೆಯು ವಿಧಿಸಿರುವುದು. ಕಾಯಿದೆಯು ಶಾಲೆಯ ಬಾಗಿಲನ್ನು ತೆರೆಯಬಲ್ಲುದು. ಗೆಳೆಯನ ಮನಸ್ಸನ್ನು ತೆರೆಯಲಾರದು. ಆ ಕೆಲಸವು ತಾಯಿತಂದೆಗಳದು, ಉಪಾಧ್ಯಾಯರದು, ಮಠದ ಪರಿವಾರದ್ದು. ಮಕ್ಕಳಿಗೆ ಪಾಪವೆನ್ನುವುದನ್ನು ಕಲಿಸುವುದರ ಬದಲು ಜತೆಯಲ್ಲಿ ಕೆಲಸಮಾಡುವುದನ್ನು ಕಲಿಸಿರಿ. ಭಜನೆಯ ಸಾಲಿನಲ್ಲಿ ತಾಳವನ್ನು ಆ ಮಗುವಿನ ಕೈಗೆ ಕೊಡಿರಿ. ಪ್ರಸಾದದ ಪಂಕ್ತಿಯಲ್ಲಿ ಅದನ್ನು ಕೊನೆಯಲ್ಲಿ ಬೇರೆ ಕೂರಿಸದೆ ನಡುವೆ ಕೂರಿಸಿರಿ. ಅದರ ತಪ್ಪನ್ನು ಇತರರ ತಪ್ಪಿನಂತೆಯೇ ತಿದ್ದಿರಿ. ಏಕೆಂದರೆ ತಪ್ಪನ್ನು ತಿದ್ದದೆ ಬಿಡುವುದೂ ಹೊರಗಿಡುವ ಒಂದು ಬಗೆಯೇ. ಆ ಮಗುವಾದರೂ ಇತರರ ಕೈಹಿಡಿಯಲು ನಾಚಬಾರದು, ಗವಾಯಿಗಳವರು ನಾಚಲಿಲ್ಲ.

ಲಿಂಗವು ಕರಸ್ಥಲದಲ್ಲಿರುವುದು. ಅದನ್ನು ಪೂಜಿಸುವ ಕೈಗೆ ಸ್ಪರ್ಶವುಂಟು, ಭಾವವುಂಟು; ಹೊರಗಣ್ಣಿನ ಬೆಳಕು ಆ ಪೂಜೆಗೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಈ ಸತ್ಯವನ್ನು ಬಾಯಿಂದ ಹೇಳುವವರು ಬಹುಮಂದಿ. ಕಾಡಶೆಟ್ಟಿಹಳ್ಳಿಯ ಅಂಧಬಾಲಕನು ಅದನ್ನು ಒಂದು ಮಕ್ಕಳ ಮೇಳವಾಗಿ ಕಟ್ಟಿ ನಿಲ್ಲಿಸಿ ಹೋದನು. ನಮ್ಮ ಶ್ರೀಮಠದ ಈ ಶುಭಮಹೋತ್ಸವದ ಸಂದರ್ಭದಲ್ಲಿ ಭಕ್ತರೆಲ್ಲರೂ ತಮ್ಮ ತಮ್ಮ ಊರಿನ ಗುಡಿಯ ಜಗಲಿಯ ಕಡೆಗೆ ಒಮ್ಮೆ ತಿರುಗಿ ನೋಡಲಿ. ಅಲ್ಲಿ ಒಂಟಿಯಾಗಿ ಕುಳಿತ ಮಗುವೊಂದಿದ್ದರೆ ಅದರ ಕೈಹಿಡಿದು ಮೇಳದೊಳಗೆ ಕರೆತರಲಿ. ಅದಕ್ಕೆ ಬೇಕಾದ ಮನಸ್ಸನ್ನೂ ಶಕ್ತಿಯನ್ನೂ ಶ್ರೀ ಜಗದ್ಗುರುವು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುವೆವು.